ಪಯಟಿಸಂ

17ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನಿಯ ಲೂಥರನ್ ಸಭೆಯೊಳಗೆ ಹುಟ್ಟಿದ ಭಕ್ತಿಚಳವಳಿ. ಪಂಡಿತರ ತರ್ಕ, ಖಂಡನೆಗಳಲ್ಲಿ ಬೋಧನೆ ಒಣಗಿಹೋಗಿದ್ದ ಕಾಲವದು. ಫ್ರಾಂಕ್‌ಫರ್ಟಿನ ಪಾದ್ರಿ ಫಿಲಿಪ್ ಯಾಕೋಬ್ ಸ್ಪೇನರ್ (1635–1705) 1670ರಲ್ಲಿ ತನ್ನ ಮನೆಯಲ್ಲೇ ಜನರನ್ನು ಕೂಡಿಸಿ ಪ್ರಾರ್ಥನೆ, ಧರ್ಮಗ್ರಂಥಗಳ ಓದು ಆರಂಭಿಸಿದ. 1675ರ ‘ಪಿಯಾ ಡೆಸಿಡೇರಿಯಾ’ ಅವನ ಮುಖ್ಯ ಕೃತಿ. ಅವನು ಸಿದ್ಧಾಂತವನ್ನು ತಳ್ಳಿಹಾಕಿದನೆಂಬುದು ತಪ್ಪು ತಿಳಿವಳಿಕೆ. ಸತ್ಯವನ್ನು ಅರಿತರೆ ಸಾಲದು, ಅದು ಹೃದಯಕ್ಕಿಳಿದು ನಡತೆಯಾಗಬೇಕು ಎಂಬುದಷ್ಟೇ ಅವನ ಹಂಬಲ. ವಾದದಲ್ಲಿ ಗೆಲ್ಲುವುದಕ್ಕಿಂತ ಎದುರಾಳಿಗಾಗಿ ಪ್ರಾರ್ಥಿಸುವುದು ಮೇಲೆಂದು ಅವನು ನಂಬಿದ್ದ. ಚಳವಳಿಯ ನಿಜವಾದ ಸೊಬಗು ಇಲ್ಲಿದೆ.

ಸ್ಪೇನರ್‌ನ ಹಾದಿಯಲ್ಲಿ ನಡೆದ ಪಾದ್ರಿ ಫ್ರಾಂಕೆ ಜರ್ಮನಿಯ ಹಾಲೆ ನಗರದಲ್ಲಿ ಅನಾಥಾಲಯ, ಶಾಲೆಗಳನ್ನು ಕಟ್ಟಿದ. ಇದೇ ಚಳವಳಿಯ ಪ್ರಭಾವದಲ್ಲಿ ಬೆಳೆದ ಶ್ರೀಮಂತ ತ್ಸಿನ್‌ಟ್ಸೆಂಡಾರ್ಫ್ ಹೆರ್ನ್‌ಹುಟ್‌ನಲ್ಲಿ, ಮತಪೀಡನೆಯಿಂದ ಪಾರಾಗಿ ಬಂದ ಮೊರೇವಿಯನ್ ಪ್ರಾಟೆಸ್ಟೆಂಟರಿಗೆ ಆಶ್ರಯವಿತ್ತ. ಆದರೆ ಕಣ್ಣೀರು, ಭಾವಾವೇಶಗಳೇ ಭಕ್ತಿಯ ಅಳತೆಗೋಲಾಗುವ ಅಪಾಯವೂ ಕೆಲವೆಡೆ ತಲೆದೋರಿತು.

ಕನ್ನಡನಾಡಿಗೆ ಇದರ ನಂಟು ಬಾಸೆಲ್ ಮಿಷನ್ ಮೂಲಕ. ಜರ್ಮನಿಯ ವುರ್ಟೆಂಬರ್ಗಿನ ಪಯಟಿಸ್ಟ್ ಪರಂಪರೆಯಲ್ಲಿ ಬೇರೂರಿದ್ದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂತು. ಅದರ ಮಿಷನರಿ ಹೆರ್ಮನ್ ಮೋಗ್ಲಿಂಗ್ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚುಹಾಕಿಸಿದ. ಎದೆಯ ಹಾಡನ್ನು ಬಲ್ಲ ಪರಂಪರೆಯಿಂದ ಬಂದವನಿಗೆ ಆ ಪದಗಳ ದನಿ ಅಪರಿಚಿತವೆನಿಸಿರಲಾರದು.