ಮಾತ್ರೆ ತಗೊಂಡವರೇ ಜಾಸ್ತಿ ಸತ್ತರಾ?

ಎಚ್‌ಐವಿಗೆ ಮೊದಲ ಔಷಧಿ ಜಿಡೊವುಡಿನ್. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಅಲ್ಲಿನ ಸೋಂಕಿತ ಗಂಡಸರ ದಾಖಲೆಯನ್ನ ನೇರವಾಗಿ ಎಣಿಸಿದರೆ, ಮಾತ್ರೆ ತಗೊಂಡವರ ಸಾವಿನ ದರ ಉಳಿದವರ 3.6 ಪಟ್ಟು! ಮಾತ್ರೆಯೇ ಕೊಲ್ತಿತ್ತಾ?

ವೈದ್ಯರು ಮಾತ್ರೆ ಕೊಡ್ತಿದ್ದದ್ದೇ ಹೆಚ್ಚಾಗಿ ಸಿಡಿ4 ಕೌಂಟ್ ಕುಸಿದವರಿಗೆ. ಸರಿ, ಒಂದೇ ಕೌಂಟ್ ಇರೋರನ್ನ ಹೋಲಿಸೋಣ ಅಂತೀರಾ? ಅಲ್ಲೇ ಪೇಚು. ಇವತ್ತಿನ ಕೌಂಟ್ ನೋಡಿ ನಾಳೆಯ ಮಾತ್ರೆ. ಆದರೆ ಇವತ್ತಿನ ಕೌಂಟ್ ನಿನ್ನೆಯ ಮಾತ್ರೆಯ ಫಲವೂ ಹೌದು. ಅದನ್ನ ಸಮ ಮಾಡಿದ್ರೆ ಔಷಧಿ ಮಾಡಿದ ಒಳ್ಳೆಯದನ್ನೇ ಅಳಿಸಿದ ಹಾಗೆ. ಬಿಟ್ಟರೂ ತಪ್ಪು, ಹಿಡಿದರೂ ತಪ್ಪು.

ಈ ಗಂಟನ್ನ ಜೇಮ್ಸ್ ರಾಬಿನ್ಸ್ 1986ರಲ್ಲೇ ಬಿಡಿಸಿದ್ದರು, ಕಾರ್ಮಿಕರ ಸಾವಿನ ಲೆಕ್ಕದಲ್ಲಿ. ಕಾಯಿಲೆ ಬಿದ್ದವರು ಕೆಲಸ ಬಿಡ್ತಾರಲ್ಲ, ಹಾಗಾಗಿ ವಿಷದ ನಡುವೆ ಹೆಚ್ಚು ಕಾಲ ದುಡಿದವರೇ ಗಟ್ಟಿಮುಟ್ಟಾಗಿ ಕಾಣ್ತಿದ್ರು! 2000ದಲ್ಲಿ ಮಿಗೆಲ್ ಹೆರ್ನಾನ್, ಬಾಬೆಟ್ ಬ್ರಂಬ್ಯಾಕ್ ಜೊತೆ ಸೇರಿ ಎಚ್‌ಐವಿ ಲೆಕ್ಕ ಹಾಕಿದ್ರು. ತಮ್ಮಂಥ ಸ್ಥಿತಿಯವರಲ್ಲಿ ಅಪರೂಪವಾದ ಚಿಕಿತ್ಸೆಯ ದಾರಿ ಹಿಡಿದವರಿಗೆ ಹೆಚ್ಚು ತೂಕ ಕೊಟ್ಟರು. ಶುರುವಿನ ಸ್ಥಿತಿ ಮಾತ್ರ ಸರಿದೂಗಿಸಿದಾಗ 2.3 ಇದ್ದದ್ದು, ಈಗ 0.7! ಅಂದರೆ ಮಾತ್ರೆ ಜೀವ ಉಳಿಸ್ತಿತ್ತು. ಆದರೆ ವೈದ್ಯರು ನೋಡಿಯೂ ದಾಖಲಿಸದ ಲಕ್ಷಣವೇನಾದ್ರೂ ಇದ್ದಿದ್ರೆ, ಈ 0.7 ಕೂಡ ತಪ್ಪಿರಬಹುದು.