ಸಾಲಗಾರನ ಹೊಸ್ತಿಲಲ್ಲಿ ಪ್ರಭುತ್ವ

ಋಣವನ್ನು ಧರ್ಮದ ವಿಷಯವೆಂದೇ ಬಗೆದವರು ನಮ್ಮ ಪೂರ್ವಿಕರು. ವಸೂಲಿಗೆ ಮನುಸ್ಮೃತಿ ಹೇಳಿದ ಐದು ಮಾರ್ಗಗಳಲ್ಲಿ ಬಲಪ್ರಯೋಗವೂ ಒಂದು. ಅದನ್ನು ಮರೆಮಾಚುವುದು ಬೇಡ. ಆದರೆ ನೂರು ಪಣಕ್ಕೆ ಮಾಸವೊಂದಕ್ಕೆ ಒಂದೂಕಾಲು ಪಣ ಧರ್ಮ್ಯವಾದ ಬಡ್ಡಿಯೆಂದ ಕೌಟಿಲ್ಯ, ಬೇಸಾಯದ ವೇಳೆಯಲ್ಲಿ ಕೃಷಿಕನನ್ನು ಸಾಲಕ್ಕಾಗಿ ಹಿಡಿಯಕೂಡದೆಂದೂ ಕಟ್ಟಳೆ ಮಾಡಿದ. ಬಡ್ಡಿಯ ಬಾಕಿ ಅಸಲನ್ನು ಮೀರಬಾರದೆಂಬ ದಾಮದುಪಟದ ನಿಯಮವೂ ಬೇರೂರಿತ್ತು. ಸಾಹುಕಾರ ತಗಾದೆ ಮಾಡಬಹುದಿತ್ತು, ಬಾಗಿಲಲ್ಲಿ ಧರಣಿ ಕೂರಬಹುದಿತ್ತು. ಆದರೆ ಅದೇ ಊರಿನಲ್ಲಿ ಅವನೂ ಬಾಳಬೇಕಿತ್ತು.

ಈ ಸಮತೋಲವನ್ನು ಕೆಡವಿದ್ದು ಖಡ್ಗವಲ್ಲ, ಕಾಗದ. 1859ರಲ್ಲಿ ಆಂಗ್ಲ ಪ್ರಭುತ್ವ ದಿವಾಣಿ ಪ್ರಕ್ರಿಯಾ ಸಂಹಿತೆಯನ್ನೂ ಕಾಲಮಿತಿ ಕಾಯಿದೆಯನ್ನೂ ಹೊರಡಿಸಿತು. ರೈತನ ರಕ್ಷಣೆಗೆಂದು ವಿಧಿಸಿದ ಮೂರು ವರ್ಷಗಳ ಗಡುವೇ ಅವನ ಕೊರಳಿಗೆ ಉರುಳಾಯಿತು: ಗಡುವು ತೀರುವ ಮುನ್ನ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ, ಅದರ ಮೇಲೆ ಮತ್ತೆ ಬಡ್ಡಿ. ಓದು ಬಾರದ ಒಕ್ಕಲು ಹೆಬ್ಬೆಟ್ಟೊತ್ತಿದ. ನ್ಯಾಯಾಲಯದ ಡಿಕ್ರಿ ಅವನ ಗೈರುಹಾಜರಿಯಲ್ಲೇ ಹೊರಟಿತು. ಅದನ್ನು ಹಿಡಿದು ಅಮೀನ ಜಪ್ತಿಗೆ ಬಂದ. ಊರ ಕಣ್ಣಿಗೆ ಅಂಜುತ್ತಿದ್ದ ಸಾಹುಕಾರನ ಬೆನ್ನಿಗೆ ಈಗ ಸಾಮ್ರಾಜ್ಯವೇ ನಿಂತಿತ್ತು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಏರಿಸಿದ್ದ ಹತ್ತಿಯ ಬೆಲೆ ಆ ಯುದ್ಧ ಮುಗಿದೊಡನೆ ಕುಸಿಯಿತು, ಕಂದಾಯ ಮಾತ್ರ ಏರಿತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆಯಲ್ಲಿ ಸಂತೆಗೆ ನೆರೆದ ರೈತರು ಸಾಹುಕಾರರ ಮನೆ ಅಂಗಡಿಗಳಿಗೆ ನುಗ್ಗಿದರು. ಅವರು ಮುಖ್ಯವಾಗಿ ಅರಸಿದ್ದು ಪ್ರಾಣವನ್ನಲ್ಲ, ಸಾಲಪತ್ರಗಳನ್ನು. ಸಿಕ್ಕವನ್ನು ಬೀದಿಯಲ್ಲೇ ಸುಟ್ಟರು. ದಂಗೆ ಅಹಮದನಗರ ಸೀಮೆಗೂ ಹಬ್ಬಿತು.

ಪ್ರಭುತ್ವ ಸೈನ್ಯ ಕಳುಹಿಸಿತು, ಆಯೋಗ ನೇಮಿಸಿತು, ಕಡೆಗೆ ತನ್ನ ಕಾನೂನನ್ನೇ ತಿದ್ದಿತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯಿದೆ ಸಾಲಕ್ಕಾಗಿ ರೈತನನ್ನು ಸೆರೆಗೆ ತಳ್ಳುವುದನ್ನು ನಿಲ್ಲಿಸಿತು. ಪತ್ರದ ಮೊತ್ತವನ್ನೇ ನಂಬದೆ ಸಾಲದ ಪೂರ್ವೇತಿಹಾಸವನ್ನು ಕೆದಕುವಂತೆ ನ್ಯಾಯಾಧೀಶನಿಗೆ ಆದೇಶಿಸಿತು. ಈ ಕಾಯಿದೆಯಡಿ ಏರ್ಪಟ್ಟ ವಿಶೇಷ ನ್ಯಾಯಪೀಠವನ್ನು ಮುಂದೆ ಅಲಂಕರಿಸಿದವರು ಮಹಾದೇವ ಗೋವಿಂದ ರಾನಡೆ. ನಾಲ್ಕು ಜಿಲ್ಲೆಗಳಿಗೆಂದು ಹುಟ್ಟಿದ ಕಾಯಿದೆ ಕ್ರಮೇಣ ಮುಂಬಯಿ ಪ್ರಾಂತದಾದ್ಯಂತ ವ್ಯಾಪಿಸಿ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರಗಳನ್ನೂ ತಲುಪಿತು.

ನನ್ನ ಮಟ್ಟಿಗೆ ಇದಕ್ಕಿಂತ ಗಹನವಾದ ತಿರುವು 1908ರ ದಿವಾಣಿ ಪ್ರಕ್ರಿಯಾ ಸಂಹಿತೆಯಲ್ಲಿದೆ. ಸೂರ್ಯಾಸ್ತದ ಬಳಿಕ, ಸೂರ್ಯೋದಯಕ್ಕೆ ಮುನ್ನ ಅಮೀನ ಜಪ್ತಿಗೆಂದು ವಾಸದ ಮನೆ ಹೊಗಕೂಡದು. ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣಗಳನ್ನು ಮುಟ್ಟಕೂಡದು. ರೈತನ ಜೀವನೋಪಾಯಕ್ಕೆ ಬೇಕಾದ ನೇಗಿಲು, ಎತ್ತು, ಬಿತ್ತನೆಯ ಕಾಳನ್ನೂ ಮುಟ್ಟಕೂಡದು. ಧರ್ಮಾಚಾರದಂತೆ ಸ್ತ್ರೀ ತೊರೆಯಲಾಗದ ಆಭರಣ ಅವಳ ಮೈಮೇಲೇ ಉಳಿಯಬೇಕು. ಪರಕೀಯರ ಶಾಸನವೆಂದು ಇದನ್ನು ಹಳಿಯುವವರು ಕೌಟಿಲ್ಯನ ಕಟ್ಟಳೆಯನ್ನೊಮ್ಮೆ ನೆನೆಯಲಿ.

ಆದರೆ ಆ ಬೇಲಿ ಕಟ್ಟಿಹಾಕಿದ್ದು ನ್ಯಾಯಾಲಯದ ಅಮೀನನನ್ನು. ಡಿಕ್ರಿಯಿಲ್ಲದೆ ಬಾಗಿಲು ಬಡಿಯುವ ಖಾಸಗಿ ವಸೂಲಿದಾರನಿಗೆ ಆ ಸಂಹಿತೆಯ ಹಂಗಿಲ್ಲ. ಕಿರುಸಾಲದ ಕಂತುಗಳಿಗಾಗಿ ನಮ್ಮ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬಿದ್ದಾಗ ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆಯೊಂದನ್ನು ರಚಿಸಿ, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗೆ ಸೆರೆ, ಐದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಿತು. ಶಿಕ್ಷೆ ಅತಿಯಾಯಿತೆಂದು ರಾಜ್ಯಪಾಲರು ಮೊದಲು ಅದನ್ನು ಹಿಂದಿರುಗಿಸಿ, ಬಳಿಕ 2025ರ ಫೆಬ್ರುವರಿ 12ರಂದು ಅಂಕಿತ ಹಾಕಿದರು.