ಹೊಗಳುವ ಮಾತು, ತಿಣುಕುವ ಕೈ: ಎಳೆಯರಲ್ಲಿ ಛಲ ಮೂಡುವ ಬಗೆ

ಮಗು ಅಕ್ಷರ ತಿದ್ದಿ ತಂದು ತೋರಿಸಿದರೆ ನಮ್ಮ ಬಾಯಿಂದ ಮೊದಲು ಬರುವುದು 'ಜಾಣ ಮರಿ' ಎಂಬ ಮಾತು, ತಪ್ಪಿದರೆ 'ದಡ್ಡ'. ಎರಡೂ ಮಗುವಿನ ಮೇಲಿನ ತೀರ್ಪುಗಳೇ ಹೊರತು ಅದು ಮಾಡಿದ ಕೆಲಸದ ಮಾತಲ್ಲ. ಈ ವ್ಯತ್ಯಾಸವನ್ನು ಪ್ರಯೋಗಕ್ಕೆ ಒಡ್ಡಿದವರು ಮನೋವಿಜ್ಞಾನಿಗಳಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರಲ್ ಡ್ವೆಕ್. 1998ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಅಮೆರಿಕದ ಐದನೇ ತರಗತಿಯ ಮಕ್ಕಳು ಚಿತ್ರದ ಒಗಟುಗಳನ್ನು ಬಿಡಿಸಿದರು. ಕೆಲವರ ಬುದ್ಧಿಯನ್ನು ಹೊಗಳಲಾಯಿತು, ಕೆಲವರ ಶ್ರಮವನ್ನು. ಆಮೇಲೆ ಎಲ್ಲರಿಗೂ ಕಠಿಣ ಒಗಟು, ಎಲ್ಲರಿಗೂ ಸೋಲು. ಮತ್ತೆ ಮೊದಲಿನಷ್ಟೇ ಸುಲಭದವನ್ನು ಕೊಟ್ಟಾಗ ಬುದ್ಧಿವಂತರೆನಿಸಿಕೊಂಡವರ ಅಂಕ ಇಳಿದಿತ್ತು, ಶ್ರಮಕ್ಕೆ ಮೆಚ್ಚುಗೆ ಪಡೆದವರದು ಏರಿತ್ತು. ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ: ಬುದ್ಧಿಗಾಗಿ ಹೊಗಳಿಸಿಕೊಂಡವರಲ್ಲಿ ಸುಮಾರು ಶೇ 40ರಷ್ಟು ಮಕ್ಕಳು ತಮ್ಮ ಅಂಕವನ್ನು ಹೆಚ್ಚಿಸಿ ಹೇಳಿದ್ದರು.

ಶ್ರಮದಿಂದ ಬುದ್ಧಿ ಬೆಳೆಯುತ್ತದೆನ್ನುವ 'ಬೆಳವಣಿಗೆಯ ಮನೋಭಾವ'ದ ಸಿದ್ಧಾಂತ ಇಲ್ಲಿಂದ ಬೆಳೆದು ಜಗತ್ತಿನ ಶಾಲೆಗಳನ್ನು ಹೊಕ್ಕಿತು. ಫಲ ಮಾತ್ರ ನಿರೀಕ್ಷಿಸಿದಷ್ಟಿಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು ಪರಿಣಾಮ ತೀರಾ ಸಣ್ಣದೆಂದಿತು. 2019ರಲ್ಲಿ 'ನೇಚರ್' ಪ್ರಕಟಿಸಿದ, ಅಮೆರಿಕದ ಸುಮಾರು 12 ಸಾವಿರ ಒಂಬತ್ತನೇ ತರಗತಿಯವರ ಅಧ್ಯಯನದಲ್ಲಿ ಈ ಮನೋಭಾವದ ಪಾಠ ಪಡೆದ ಹಿಂದುಳಿದವರ ಸರಾಸರಿ ಗ್ರೇಡ್ ಏರಿದ್ದು 0.1 ಅಂಶ; ಸಹಪಾಠಿಗಳು ಸವಾಲಿಗೆ ಬೆನ್ನು ತಿರುಗಿಸದ ಶಾಲೆಗಳಲ್ಲಿ ಪರಿಣಾಮ ಚೆನ್ನಾಗಿ ನಿಂತಿತು. ಬರೀ ಉಪದೇಶಕ್ಕೆ ಇಷ್ಟೇ ಬಲ.

ಹಾಗಾದರೆ ಎಳೆಯರು ಛಲ ಕಲಿಯುವುದು ಎಲ್ಲಿಂದ? 2017ರಲ್ಲಿ ಎಂಐಟಿಯ ಜೂಲಿಯಾ ಲಿಯೊನಾರ್ಡ್ ಮತ್ತು ಸಂಗಡಿಗರು ಸುಮಾರು 15 ತಿಂಗಳ ಕೂಸುಗಳೆದುರು ಇದನ್ನು ಪರೀಕ್ಷಿಸಿದರು. ದೊಡ್ಡವರೊಬ್ಬರು ಡಬ್ಬಿಯೊಳಗಿನ ಆಟಿಕೆ ಕಪ್ಪೆಯನ್ನು ತೆಗೆಯಲು ತಿಣುಕುತ್ತಾರೆ; ಹೀಗಲ್ಲ ಹಾಗೆ ಎಂದು ಮತ್ತೆ ಮತ್ತೆ ಯತ್ನಿಸಿ ಕಡೆಗೆ ಗೆಲ್ಲುತ್ತಾರೆ. ಇನ್ನೊಂದು ಗುಂಪಿನೆದುರು ಕಪ್ಪೆ ಸಲೀಸಾಗಿ ಹೊರಬರುತ್ತದೆ. ಬಳಿಕ ಕೂಸಿನ ಕೈಗೆ ಸಂಗೀತದ ಆಟಿಕೆ. ಅದರ ದೊಡ್ಡ ಗುಂಡಿ ಒತ್ತಿದರೂ ಏನೂ ಆಗದು. ತಿಣುಕಾಟ ಕಂಡ ಕೂಸುಗಳು ಆ ಗುಂಡಿಯನ್ನು ಹೆಚ್ಚು ಸಲ ಒತ್ತಿದವು. ಮಾತು ಬಾರದ ವಯಸ್ಸಿನಲ್ಲೇ ಅವು ದೊಡ್ಡವರ ಕೈಯನ್ನು ಓದುತ್ತಿದ್ದವು.

ಕೂಸಿನಿಂದ ಒಂದನೇ ತರಗತಿಗೆ ನೇರ ಹಾದಿಯಿಲ್ಲ, ನಿಜ. ಆದರೂ ನಮ್ಮಲ್ಲೇ ಇರುವ ಒಂದು ಏರ್ಪಾಡನ್ನು ಈ ಬೆಳಕಿನಲ್ಲಿ ನೋಡಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಗೋಡೆಯ ಮೇಲೊಂದು ಕಲಿಕಾ ಏಣಿ, ಕೈಯಲ್ಲಿ ಕಾರ್ಡು. ಸುಗ್ಗಿಗೋ ಜ್ವರಕ್ಕೋ ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. 'ಇನ್ನೂ ಬಂದಿಲ್ಲ' ಎಂಬುದು ಅಲ್ಲಿ ಅವಮಾನವಲ್ಲ, ಏಣಿಯ ಮೇಲಿನ ಒಂದು ಜಾಗ. ಮರಳಿ ಯತ್ನಿಸಲು ಎಡೆಯಿಲ್ಲದ ಕಡೆ ಛಲದ ಪಾಠ ಹೇಳುವುದು ಮಗುವಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಡೆಯನ್ನು ಏಣಿ ಕೊಟ್ಟೀತು. ತಿಣುಕುವ ಕೈಯನ್ನು ಶಿಕ್ಷಕರೇ ತೋರಿಸಬೇಕು. ಹಲಗೆಯ ಮೇಲೆ ಲೆಕ್ಕ ತಪ್ಪಿದಾಗ ಅವಸರದಲ್ಲಿ ಒರೆಸಿಬಿಡಬೇಡಿ, ಮೇಷ್ಟ್ರೇ. ಎಲ್ಲಿ ಎಡವಿದೆನೆಂದು ಮಕ್ಕಳೆದುರೇ ಹುಡುಕಿ.